ಕ್ಯಾಮೆರಾ ಅವನಿಗಿಂತ ಮೊದಲೇ ತಲುಪುತ್ತದೆ

ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಳ್ಳಿ, ಹಿಂದಿನವರಿಗೆ ಪರದೆ ಕಾಣಬೇಕು. ಇವತ್ತು 1927ರ ಸೆಪ್ಟೆಂಬರ್ 23, ಶುಕ್ರವಾರ. ನ್ಯೂಯಾರ್ಕಿನ 42ನೇ ಬೀದಿಯ ಟೈಮ್ಸ್ ಸ್ಕ್ವೇರ್ ಥಿಯೇಟರಿನಲ್ಲಿ ನೀವು ಕೂತಿದ್ದೀರಿ. ಪಕ್ಕದವರ ಕೋಟಿನಿಂದ ಚುರುಟಿನ ವಾಸನೆ, ಮುಂದಿನ ಸಾಲಿನಿಂದ ಸೆಂಟಿನ ಘಮ. ಹೊರಗಿನ ಮೋಟಾರುಗಳ ಹಾರ್ನ್ ಸದ್ದು ಬಾಗಿಲು ಮುಚ್ಚಿದೊಡನೆ ಮಂದವಾಗುತ್ತದೆ.

ದೀಪ ಆರುತ್ತದೆ. ಮೊದಲು ಪರದೆಗೆ ಬರುವವನು ಮುಸೊಲಿನಿ. ತುಟಿ ಅಲ್ಲಾಡುತ್ತದೆ, ಅದಕ್ಕೆ ಸರಿಯಾಗಿ ದನಿಯೂ ಬರುತ್ತದೆ. ಪಕ್ಕದವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಇದು ಫಾಕ್ಸ್ ಕಂಪನಿಯ ಮೂವಿಟೋನ್, ದನಿಯನ್ನು ಫಿಲ್ಮಿನ ಅಂಚಿನಲ್ಲೇ ಮುದ್ರಿಸುವ ಹೊಸ ತಂತ್ರ. ಇಟಲಿಯ ಸರ್ವಾಧಿಕಾರಿ ಸಮುದ್ರ ದಾಟಿ ಬಂದು ನಿಮ್ಮ ಕಿವಿಗೇ ಭಾಷಣ ಮಾಡುತ್ತಿದ್ದಾನೆ. ಆ ದನಿ ನೆನಪಿರಲಿ. ಇನ್ನೊಂದೂವರೆ ಗಂಟೆಯೊಳಗೆ ಅದೇ ಯಂತ್ರದಿಂದ ಬೇರೊಂದು ದನಿ ಹೊರಡಲಿದೆ.

ಈಗ ಮುಖ್ಯ ಚಿತ್ರ, 'ಸನ್‌ರೈಸ್'. ಮಾಡಿದವನು ಜರ್ಮನಿಯಿಂದ ಬಂದ ಎಫ್. ಡಬ್ಲ್ಯು. ಮುರ್ನೌ. ವಯಸ್ಸು 38. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು, ಬಿದ್ದೂ ಬದುಕಿದವನು. 1922ರಲ್ಲಿ 'ನೊಸ್ಫೆರಾಟು' ಮಾಡಿ ಯುರೋಪನ್ನು ಹೆದರಿಸಿದ. 1924ರ 'ದಿ ಲಾಸ್ಟ್ ಲಾಫ್'ನಲ್ಲಿ ಅವನ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಟ್ ಕ್ಯಾಮೆರಾವನ್ನು ಮೈಗೆ ಬಿಗಿದುಕೊಂಡು ಓಡಾಡಿದ. ಅದನ್ನು ನೋಡಿ ಬೆರಗಾದ ವಿಲಿಯಂ ಫಾಕ್ಸ್, ಕೈತುಂಬ ಹಣ ಮತ್ತು ಸ್ವಾತಂತ್ರ್ಯ ಎರಡನ್ನೂ ಕೊಟ್ಟು ಮುರ್ನೌನನ್ನು ಹಾಲಿವುಡ್ಡಿಗೆ ಕರೆಸಿಕೊಂಡ. ಜರ್ಮನ್ ಲೇಖಕ ಹೆರ್ಮನ್ ಸೂಡರ್‌ಮನ್ನನ ಕಥೆ, ಕಾರ್ಲ್ ಮಾಯರನ ಚಿತ್ರಕಥೆ. ಮಾಯರ್ ಅಮೆರಿಕಕ್ಕೆ ಬರಲೊಲ್ಲ, ಬರೆದದ್ದನ್ನು ಅಲ್ಲಿಂದಲೇ ಕಳಿಸಿದ್ದಾನೆ. ಪಾತ್ರಗಳಿಗೆ ಹೆಸರಿಲ್ಲ. ಗಂಡ, ಹೆಂಡತಿ, ಪಟ್ಟಣದವಳು, ಅಷ್ಟೇ.

ರಾತ್ರಿ. ಹಳ್ಳಿಮನೆ. ಬೇಲಿಯ ಹೊರಗಿನಿಂದ ಪಟ್ಟಣದವಳು ಸಿಳ್ಳೆ ಹಾಕುತ್ತಾಳೆ. ಅವಳ ತುಟಿ ಮಾತ್ರ ನಿಮಗೆ ಕಾಣುತ್ತದೆ, ಸಿಳ್ಳೆ ಅವನಿಗಷ್ಟೇ ಕೇಳುತ್ತದೆ. ಒಳಗೆ ಹೆಂಡತಿ ಊಟ ತರಲು ಹೋಗಿದ್ದಾಳೆ. ಅವಳು ತಟ್ಟೆ ಹಿಡಿದು ಬರುವಷ್ಟರಲ್ಲಿ ಗಂಡನ ಕುರ್ಚಿ ಖಾಲಿ. ಅವಳು ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಡುತ್ತಾಳೆ. ಇದು ಮೊದಲ ಸಲವಲ್ಲ ಎಂಬುದನ್ನು ಆ ಕೈಗಳೇ ಹೇಳುತ್ತವೆ.

ನೀವು ಅವನ ಹಿಂದೆ ಹೊರಡುತ್ತೀರಿ. ಚಂದ್ರ, ಮಂಜು, ಕಾಲಡಿ ಜವುಗು. ಅವನ ಬೆನ್ನು ಬಾಗಿದೆ, ಹೆಜ್ಜೆ ಭಾರವಾಗಿದೆ. ಒಂದೊಂದು ಹೆಜ್ಜೆಯನ್ನೂ ಕೆಸರಿನಿಂದ ಕಿತ್ತು ಇಡುತ್ತಾನೆ. ಇದು ಬರಿಯ ನಟನೆ ಎಂದುಕೊಳ್ಳಬೇಡಿ. ನಟ ಜಾರ್ಜ್ ಒ'ಬ್ರಿಯೆನ್ ನೌಕಾಪಡೆಯಲ್ಲಿ ಬಾಕ್ಸಿಂಗ್ ಮಾಡಿದ ಗಟ್ಟಿಮುಟ್ಟಾದ ಆಳು. ಅವನು ಹಗುರವಾಗಿ ನಡೆಯಬಾರದೆಂದು ಮುರ್ನೌ ಬೂಟಿನಲ್ಲಿ ಸೀಸದ ತೂಕ ಇಡಿಸಿದ್ದಾನೆ. ಜವುಗು, ಮರ, ಚಂದ್ರ ಎಲ್ಲವನ್ನೂ ಸ್ಟುಡಿಯೋ ಸೂರಿನ ಕೆಳಗೇ ಹೂಡಿದ್ದಾರೆ. ಅಂಥ ಕೆಸರಿನಲ್ಲಿ ಕ್ಯಾಮೆರಾದ ಗಾಡಿ ಉರುಳದು. ಹಾಗಾಗಿ ತಲೆಯ ಮೇಲೆ ಹಳಿ ಕಟ್ಟಿ, ಅದಕ್ಕೆ ಕ್ಯಾಮೆರಾವನ್ನೂ ಅದನ್ನು ನಡೆಸುವ ಕಾರ್ಲ್ ಸ್ಟ್ರಸ್‌ನನ್ನೂ ತೂಗುಹಾಕಿದ್ದಾರೆ. ನೆಲ ಮುಟ್ಟದೆ ನೀವು ಹಿಂಬಾಲಿಸುತ್ತಿರುವುದು ಆ ಹಳಿಯ ಮೇಲೆ.

ಅವನು ಕೊಂಬೆಯಡಿ ಬಗ್ಗುತ್ತಾನೆ, ನೀವೂ ಬಗ್ಗುತ್ತೀರಿ. ಬೇಲಿ ದಾಟುತ್ತಾನೆ, ನೀವೂ ದಾಟುತ್ತೀರಿ. ಆಮೇಲೆ ಅವನು ನಿಮ್ಮ ಕಡೆಗೇ ತಿರುಗಿ ಬಂದು, ಪಕ್ಕದಲ್ಲೇ ಹಾದು, ಚೌಕಟ್ಟಿನಿಂದ ಆಚೆ ಹೋಗಿಬಿಡುತ್ತಾನೆ. ಈಗ ನೀವು ಒಬ್ಬರೇ. ಆದರೂ ನಿಲ್ಲುವುದಿಲ್ಲ. ಎದುರಿನ ಎಲೆಗಳು ಸರಿದು ದಾರಿ ಬಿಡುತ್ತವೆ. ಅಲ್ಲಿ, ಚಂದ್ರನ ಕೆಳಗೆ, ಕೈಯಲ್ಲೊಂದು ಹೂ ಹಿಡಿದು ಅವಳು ಕಾಯುತ್ತಿದ್ದಾಳೆ. ಸದ್ದು ಕೇಳಿ ತಿರುಗಿ ನೋಡುತ್ತಾಳೆ, ಅವಸರದಲ್ಲಿ ಮುಖಕ್ಕೆ ಪೌಡರ್ ಒತ್ತಿಕೊಳ್ಳುತ್ತಾಳೆ. ಅವನಿನ್ನೂ ಬಂದಿಲ್ಲ. ಬಂದಿರುವವರು ನೀವು.

ಮುರ್ನೌನ ಕಸಬುದಾರಿಕೆಯೆಲ್ಲ ಇಲ್ಲಿದೆ. ತಪ್ಪು ಮಾಡುವವನನ್ನು ದೂರದಿಂದ ನೋಡಿ ಛೀ ಎನ್ನುವ ಸೌಕರ್ಯವನ್ನು ಅವನು ನಿಮಗೆ ಕೊಡುವುದಿಲ್ಲ. ತಪ್ಪಿನ ಜಾಗಕ್ಕೆ ನಿಮ್ಮನ್ನೇ ಮೊದಲು ತಲುಪಿಸಿ, ಆಮೇಲೆ ಅವನನ್ನು ಕರೆಸುತ್ತಾನೆ.

ಅವರಿಬ್ಬರೂ ಹುಲ್ಲಿನ ಮೇಲೆ. ಜಮೀನು ಮಾರಿ ತನ್ನ ಜೊತೆ ಪಟ್ಟಣಕ್ಕೆ ಬಾ ಎನ್ನುತ್ತಾಳೆ. ಹೆಂಡತಿ? ಅವಳು ನೀರಿನಲ್ಲಿ ಮುಳುಗಿ ಸಾಯಬಹುದಲ್ಲ ಎಂಬ ಮಾತು ಪರದೆಯ ಮೇಲೆ ಬರಹವಾಗಿ ಮೂಡುತ್ತದೆ. ನೋಡನೋಡುತ್ತಲೇ ಅಕ್ಷರಗಳು ಕರಗಿ ಕೆಳಕ್ಕೆ ಜಾರಿ ಮುಳುಗುತ್ತವೆ. ಹೊಟ್ಟೆಯಲ್ಲಿ ಏನೋ ಕುಸಿದಂತಾಗುತ್ತದೆ. ಅವನು ಸಿಟ್ಟಿನಿಂದ ಅವಳ ಕತ್ತಿಗೆ ಕೈ ಹಾಕುತ್ತಾನೆ, ಆದರೆ ಆ ಕೈಯೇ ಅಪ್ಪುಗೆಯಾಗುತ್ತದೆ. ಬಳಿಕ ಇಬ್ಬರೂ ಸೇರಿ ಜೊಂಡು ಕೊಯ್ಯುತ್ತಾರೆ. ದೋಣಿ ಮಗುಚಿದ ಮೇಲೆ ಅವನು ತೇಲಿ ದಡ ಸೇರಲು ಒಂದು ಹೊರೆ ಜೊಂಡು.

ಬೆಳಗ್ಗೆ ಹೆಂಡತಿಗೆ ಸಂಭ್ರಮ, ಗಂಡ ಎಷ್ಟೋ ದಿನದ ಮೇಲೆ ಹೊರಗೆ ಕರೆದಿದ್ದಾನೆ. ಆ ಪಾತ್ರದಲ್ಲಿರುವ ಜ್ಯಾನೆಟ್ ಗೇನರ್‌ಗೆ ಚಿತ್ರೀಕರಣದ ಹೊತ್ತಿಗೆ ಇಪ್ಪತ್ತರ ಆಸುಪಾಸು. ದೋಣಿ ಹೊರಡುವಾಗ ಮನೆಯ ನಾಯಿ ಬೊಗಳುತ್ತದೆ, ಹಗ್ಗ ಕಿತ್ತುಕೊಂಡು ಓಡಿ ನೀರಿಗೆ ಹಾರುತ್ತದೆ, ಈಜಿ ದೋಣಿ ಹತ್ತುತ್ತದೆ. ಗಂಡ ಏನೂ ಹೇಳದೆ ದಡಕ್ಕೆ ತಿರುಗಿಸಿ ನಾಯಿಯನ್ನು ಬಿಟ್ಟು ಬರುತ್ತಾನೆ. ಈಗಲಾದರೂ ಅವಳು ಇಳಿದುಬಿಡಬಾರದೇ ಎಂದು ನಿಮಗನಿಸುತ್ತದೆ. ಅವಳಿಗೂ ಒಂದು ಕ್ಷಣ ಹಾಗೆ ಅನಿಸಿದಂತಿದೆ. ಆದರೆ ಕೂತೇ ಇರುತ್ತಾಳೆ. ನಂಬಿಕೆಯಿಂದ ಕೂತವಳನ್ನು ಯಾರು ಎಬ್ಬಿಸಬೇಕು?

ದಡ ದೂರವಾಗುತ್ತದೆ. ಅವನು ತಲೆಯೆತ್ತುವುದಿಲ್ಲ. ಅವಳ ನಗು ನಿಧಾನಕ್ಕೆ ಆರುತ್ತದೆ. ಹುಟ್ಟು ನಿಲ್ಲುತ್ತದೆ. ಅವನು ಏಳುತ್ತಾನೆ. ದೋಣಿ ವಾಲುತ್ತದೆ. ಒಂದು ಹೆಜ್ಜೆ. ಇನ್ನೊಂದು. ತೋಳುಗಳು ಜೋತುಬಿದ್ದಿವೆ, ಮುಖ ಕಲ್ಲಾಗಿದೆ. ಅವಳು ಹಿಂದಕ್ಕೆ ಬಾಗುತ್ತಾಳೆ, ಬೆನ್ನ ಹಿಂದೆ ಬರಿ ನೀರು. ಕೈ ಮುಗಿಯುತ್ತಾಳೆ. ನಿಮ್ಮ ಉಗುರು ಕುರ್ಚಿಯ ಕೈಗೆ ನಾಟಿದೆ. ಬೇಡ, ಬೇಡ, ಬೇಡ. ಅವನ ತೋಳು ಮೇಲೇಳುತ್ತದೆ. ಎದ್ದದ್ದು ಅವನ ಮುಖವನ್ನೇ ಮುಚ್ಚುತ್ತದೆ.

ಅವನು ಕುಸಿದು ಕೂತು ಹುಚ್ಚು ಹಿಡಿದವನಂತೆ ಹುಟ್ಟು ಹಾಕುತ್ತಾನೆ. ಆಚೆ ದಡ ಮುಟ್ಟಿದ್ದೇ ಅವಳು ಹಾರಿ ಓಡುತ್ತಾಳೆ. ಬೇರಿಗೆ ಎಡವಿ, ಎದ್ದು, ಮರಗಳ ನಡುವೆ ಬಂದು ನಿಂತ ಟ್ರಾಮ್ ಹತ್ತುತ್ತಾಳೆ. ಅವನೂ ಹತ್ತುತ್ತಾನೆ. ಹೆದರಬೇಡ ಎಂದು ಬೇಡುತ್ತಾನೆ. ಈಗಷ್ಟೇ ಕೊಲ್ಲಲು ಎದ್ದವನ ಬಾಯಲ್ಲಿ ಆ ಮಾತು! ಅವಳು ಮೂಲೆಗೆ ಒತ್ತಿಕೊಂಡು ನಿಂತಿದ್ದಾಳೆ. ಕಿಟಕಿಯಲ್ಲಿ ಮೊದಲು ಕೆರೆ, ಆಮೇಲೆ ಕಾಡು, ಆಮೇಲೆ ಊರಿನ ಅಂಚು, ಕೊನೆಗೆ ಪಟ್ಟಣ. ಇಬ್ಬರೂ ಅದನ್ನು ನೋಡುತ್ತಿಲ್ಲ, ನೋಡುತ್ತಿರುವವರು ನೀವು. ಈ ಕೆಲವೇ ನಿಮಿಷಗಳಿಗಾಗಿ ಮುರ್ನೌ ನಿಜವಾದ ಹಳಿ ಹಾಕಿಸಿ ಟ್ರಾಮ್ ಓಡಿಸಿದ್ದಾನೆ.

ಪಟ್ಟಣವನ್ನೂ ಅವನೇ ಕಟ್ಟಿಸಿದ್ದು. ಕಲಾ ನಿರ್ದೇಶಕ ರೋಕುಸ್ ಗ್ಲೀಸೆ ಹಿಂದಕ್ಕೆ ಹೋದಂತೆ ಕಟ್ಟಡಗಳನ್ನು ಕಿರಿದು ಮಾಡುತ್ತಾ ಹೋಗಿದ್ದಾನೆ. ದೀಪದ ಬಲ್ಬು ಮುಂದೆ ದೊಡ್ಡದು, ಹಿಂದೆ ಚಿಕ್ಕದು. ತೀರಾ ಹಿಂದೆ ಓಡಾಡುವವರು ದೊಡ್ಡವರ ಉಡುಪು ತೊಟ್ಟ ಮಕ್ಕಳು ಮತ್ತು ಕುಳ್ಳ ಮೈಯವರು. ನಿಮ್ಮ ಕಣ್ಣು ಮೋಸಹೋಗಿ ಮೈಲಿಗಟ್ಟಲೆ ಊರನ್ನು ಕಾಣುತ್ತದೆ.

ಹೋಟೆಲಿನಲ್ಲಿ ಅವನು ಅವಳ ಮುಂದೆ ಕೇಕಿನ ತಟ್ಟೆ ಸರಿಸುತ್ತಾನೆ. ತಿನ್ನಲು ಹೋಗಿ ಅವಳಿಗೆ ಅಳು ಉಕ್ಕುತ್ತದೆ. ಇಗರ್ಜಿಯಲ್ಲಿ ಯಾರದೋ ಮದುವೆ. ಹೆಂಡತಿಯನ್ನು ಕಾಪಾಡುತ್ತೀಯಾ ಎಂದು ಪಾದ್ರಿ ಇನ್ನೊಬ್ಬ ಗಂಡನನ್ನು ಕೇಳುವಾಗ ಈ ಗಂಡನ ಮುಖ ಒಡೆಯುತ್ತದೆ. ಮಡಿಲಲ್ಲಿ ತಲೆಯಿಟ್ಟು ಬಿಕ್ಕುತ್ತಾನೆ. ಅವಳ ಕೈ ಗಾಳಿಯಲ್ಲೇ ಒಂದಿಷ್ಟು ತಡೆಯುತ್ತದೆ, ಆಮೇಲೆ ಅವನ ತಲೆಯ ಮೇಲೆ ಇಳಿಯುತ್ತದೆ. ಕ್ಷಮಿಸುವುದು ಎಷ್ಟು ಭಾರದ ಕೆಲಸ ಎಂಬುದಕ್ಕೆ ಆ ತಡೆದ ಕೈಗಿಂತ ದೊಡ್ಡ ಸಾಕ್ಷಿ ಬೇಡ.

ಹೊರಬಂದ ಜೋಡಿ ಒಬ್ಬರನ್ನೊಬ್ಬರು ನೋಡುತ್ತಾ ನೇರವಾಗಿ ಮೋಟಾರುಗಳ ನಡುವೆ ನಡೆಯುತ್ತದೆ. ಮೈ ಝುಮ್ಮೆನ್ನುವ ಹೊತ್ತಿಗೆ ಅವರ ಸುತ್ತಲಿನ ಬೀದಿ ಕರಗಿ ಹೂಬಿಟ್ಟ ಬಯಲಾಗುತ್ತದೆ. ಮುತ್ತು ಮುಗಿಯುತ್ತಲೂ ಬೀದಿ ಮರಳುತ್ತದೆ, ಸುತ್ತ ಗಾಡಿಗಳು ಸಿಕ್ಕಿಬಿದ್ದಿವೆ, ಚಾಲಕರು ಕೂಗಾಡುತ್ತಿದ್ದಾರೆ. ಥಿಯೇಟರಿನಲ್ಲಿ ನಗು. ಮುಂದೆ ಕ್ಷೌರದಂಗಡಿ, ಫೋಟೋ, ಜಾತ್ರೆಯಂಥ ಗದ್ದಲ, ತಪ್ಪಿಸಿಕೊಂಡ ಹಂದಿಮರಿ. ಮುರ್ನೌ ನಿಮ್ಮನ್ನು ಸಡಿಲಗೊಳಿಸುತ್ತಿದ್ದಾನೆ. ಎಚ್ಚರ.

ರಾತ್ರಿ. ಬೆಳದಿಂಗಳಲ್ಲಿ ದೋಣಿ ಮನೆಯತ್ತ. ಅವಳು ಅವನಿಗೊರಗಿ ನಿದ್ದೆಹೋಗಿದ್ದಾಳೆ. ಗಾಳಿ ಏಳುತ್ತದೆ. ಮಿಂಚು. ಹಾಯಿ ಹರಿಯುವಂತೆ ಬಡಿಯುತ್ತದೆ. ನೀರು ಒಳನುಗ್ಗುತ್ತದೆ. ಅವನು ತಡಕಾಡುತ್ತಾನೆ, ಆ ಜೊಂಡಿನ ಹೊರೆ ಸಿಗುತ್ತದೆ. ತಾನೊಬ್ಬನೇ ಬದುಕಲು ಕೊಯ್ದಿಟ್ಟ ಜೊಂಡು. ಈಗ ಅದು ಒಬ್ಬರಿಗಷ್ಟೇ ಸಾಕು. ಅವನು ಯೋಚಿಸುವುದಿಲ್ಲ. ಅವಳ ಬೆನ್ನಿಗೆ ಬಿಗಿಯುತ್ತಾನೆ. ಅಲೆ. ದೋಣಿಯಿಲ್ಲ.

ಅವನು ದಡದಲ್ಲಿ ಕಣ್ಣು ಬಿಡುತ್ತಾನೆ. ಅವಳಿಲ್ಲ. ಕೈಗಳನ್ನು ಬಾಯಿಗೆ ಕೂಡಿಸಿ ಕೂಗುತ್ತಾನೆ. ಆಗ ನಿಮ್ಮ ಕಿವಿಗೆ ಬೀಳುವುದು ಮನುಷ್ಯನ ದನಿಯಲ್ಲ. ವಾದ್ಯಮೇಳದಿಂದ ಒಂದು ಕೊಂಬು ಕೂಗುತ್ತದೆ, ಒರಟಾಗಿ, ಎದೆ ಸೀಳಿದಂತೆ. ಮತ್ತೊಮ್ಮೆ. ಮಗದೊಮ್ಮೆ. ಮುಸೊಲಿನಿ ಮಾತಾಡಿದ್ದು ಇದೇ ಯಂತ್ರದಲ್ಲಿ. ಅವನ ಭಾಷಣದ ಒಂದು ಪದವೂ ಈಗ ನಿಮ್ಮ ತಲೆಯಲ್ಲಿಲ್ಲ.

ಲಾಟೀನು ಹಿಡಿದ ದೋಣಿಗಳು ಕಪ್ಪು ನೀರಿನಲ್ಲಿ ಹುಡುಕುತ್ತವೆ. ಸಿಗುವುದು ಬಿಚ್ಚಿಹೋದ ಜೊಂಡು ಮಾತ್ರ. ಎಲ್ಲ ತನ್ನ ಲೆಕ್ಕದಂತೆಯೇ ಆಯಿತೆಂದು ಪಟ್ಟಣದವಳು ಬಂದು ಮತ್ತೆ ಸಿಳ್ಳೆ ಹಾಕುತ್ತಾಳೆ. ಅವನು ಅವಳ ಕುತ್ತಿಗೆ ಹಿಡಿಯುತ್ತಾನೆ, ಈ ಸಲ ಕೈ ಅಪ್ಪುಗೆಯಾಗುವುದಿಲ್ಲ. ಅಷ್ಟರಲ್ಲಿ ಮನೆಯ ಕಡೆಯಿಂದ ಕರೆ: ಹೆಂಡತಿ ಬದುಕಿದ್ದಾಳೆ, ಮುದುಕ ಮೀನುಗಾರನಿಗೆ ಸಿಕ್ಕಿದ್ದಾಳೆ. ಕೈ ಸಡಿಲುತ್ತದೆ. ಸೂರ್ಯ ಹುಟ್ಟುತ್ತಾನೆ.

ದೀಪ ಹೊತ್ತಿಕೊಳ್ಳುತ್ತದೆ. ಕೋಟು ಹಾಕಿಕೊಳ್ಳಿ, ಮುಂದಿನದನ್ನು ಹೊರಗೆ ನಡೆಯುತ್ತಾ ಹೇಳುತ್ತೇನೆ. ಎರಡು ವಾರಕ್ಕೆ, ಅಕ್ಟೋಬರ್ 6ರಂದು, ಇದೇ ಊರಿನಲ್ಲಿ ಮಾತಾಡುವ ಚಿತ್ರ 'ದಿ ಜಾಝ್ ಸಿಂಗರ್' ಬಿಡುಗಡೆಯಾಗುತ್ತದೆ. ಜನಕ್ಕೆ ಮಾತಿನ ಹುಚ್ಚು ಹಿಡಿಯುತ್ತದೆ. ಕ್ಯಾಮೆರಾದ ಸದ್ದು ಮೈಕಿಗೆ ಬೀಳಬಾರದೆಂದು ಅದನ್ನು ಗೂಡಿನೊಳಗೆ ಕೂಡುತ್ತಾರೆ. ಜವುಗಿನ ಮೇಲೆ ತೇಲಿದ ಕ್ಯಾಮೆರಾ ಕೆಲವು ವರ್ಷ ಅಲ್ಲಾಡದೆ ನಿಲ್ಲುತ್ತದೆ. 1929ರ ಮೇ 16ರಂದು ಮೊದಲ ಅಕಾಡೆಮಿ ಪ್ರಶಸ್ತಿಗಳಲ್ಲಿ 'ಸನ್‌ರೈಸ್' ಅನನ್ಯ ಕಲಾತ್ಮಕ ಚಿತ್ರವೆಂಬ ಗೌರವ ಪಡೆಯುತ್ತದೆ. ಆ ವಿಭಾಗವನ್ನು ಮುಂದಿನ ವರ್ಷವೇ ಕೈಬಿಡುತ್ತಾರೆ. ಗೇನರ್‌ಗೂ, ಛಾಯಾಗ್ರಾಹಕರಾದ ಚಾರ್ಲ್ಸ್ ರೋಷರ್ ಮತ್ತು ಸ್ಟ್ರಸ್‌ಗೂ ಪ್ರಶಸ್ತಿ ಬರುತ್ತದೆ. ಹಣ ಮಾತ್ರ ಬರುವುದಿಲ್ಲ.

ಹಣ ಬಾರದಿದ್ದ ಮೇಲೆ ಸ್ವಾತಂತ್ರ್ಯವೂ ಉಳಿಯುವುದಿಲ್ಲ. ಮುರ್ನೌನ ಮುಂದಿನ ಚಿತ್ರ '4 ಡೆವಿಲ್ಸ್' ಕಳೆದುಹೋಗಿದೆ, ಇಂದಿಗೂ ಸಿಕ್ಕಿಲ್ಲ. ಅದರ ನಂತರದ 'ಸಿಟಿ ಗರ್ಲ್'ಗೆ ಬೇರೆಯವರ ಕೈಯಿಂದ ಮಾತು ಸೇರಿಸುತ್ತಾರೆ. ಮುರ್ನೌ ಹಾಲಿವುಡ್ ಬಿಟ್ಟು ಬೋರಾಬೋರಾ ದ್ವೀಪಕ್ಕೆ ಹೋಗಿ 'ಟಬು' ತೆಗೆಯುತ್ತಾನೆ. ಅದು ತೆರೆಕಾಣಲು ಒಂದು ವಾರವಿರುವಾಗ, 1931ರ ಮಾರ್ಚ್ 11ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಕಾರು ಅಪಘಾತದ ಪೆಟ್ಟಿನಿಂದ ತೀರಿಕೊಳ್ಳುತ್ತಾನೆ. ಆಗ ಅವನಿಗೆ 42. 1937ರಲ್ಲಿ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು 'ಸನ್‌ರೈಸ್'ನ ಮೂಲ ನೆಗೆಟಿವ್ ಸುಟ್ಟುಹೋಗುತ್ತದೆ. ಇವತ್ತು ನಾವು ನೋಡುವುದು ಉಳಿದ ಪ್ರತಿಗಳಿಂದ ಮಾಡಿಕೊಂಡದ್ದು. ಹಾಗಿದ್ದೂ 2012ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ವಿಮರ್ಶಕರನ್ನು ಕೇಳಿದಾಗ ಅವರು ಇದನ್ನು ಲೋಕದ ಚಿತ್ರಗಳಲ್ಲಿ 5ನೆಯ ಸ್ಥಾನದಲ್ಲಿ ಕೂರಿಸಿದರು.

ಮೂಕಿ ಚಿತ್ರವೆಂದರೆ ಮಾತು ಬಾರದ ಕಾಲದ ಅರೆಬರೆ ಸಿನಿಮಾ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಅದು ತಪ್ಪು. ಮಾತನ್ನು ಕೈಯಳತೆಯಲ್ಲಿ ಇಟ್ಟುಕೊಂಡೇ ಮುರ್ನೌ ಅದನ್ನು ಬೇಡವೆಂದ, ಅದರ ಜಾಗದಲ್ಲಿ ನಮ್ಮನ್ನು ನಡೆಸಿದ. 2023ರಿಂದ ಅಮೆರಿಕದಲ್ಲಿ ಈ ಚಿತ್ರದ ಮೇಲೆ ಹಕ್ಕುಸ್ವಾಮ್ಯವಿಲ್ಲ, ಹುಡುಕಿದರೆ ಸುಲಭವಾಗಿ ಸಿಗುತ್ತದೆ. ಮೂಕಿ ತಾನೇ ಎಂದು ದನಿ ಮುಚ್ಚಿ ನೋಡಬೇಡಿ. 1927ರ ಸಂಗೀತವಿರುವ ಪ್ರತಿಯನ್ನೇ ಹುಡುಕಿ, ಕೋಣೆ ಕತ್ತಲು ಮಾಡಿ, ಒಂದೇ ಪಟ್ಟಿಗೆ ಕೂತು ನೋಡಿ.