ಗಾಡಿ ಜಗ್ಗಲಿಲ್ಲ

ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪ ಹುಕ್ಕೇರಿಯ ಅಕ್ಕನ ಮನೆಗೆ ಹೋಗಿದ್ದ. ನಾಲ್ಕು ದಿನ ಇದ್ದು ಬರುತ್ತೇನೆಂದು ಹೋದವನಿಗೆ ಮೂರನೇ ದಿನ ಮಧ್ಯಾಹ್ನ ಎದೆ ನೋವು ಬಂತು. ಅವತ್ತು ಅವನನ್ನು ಕರೆತರಲೆಂದೇ ನಾನು ಮೂಡಲಗಿ ಹತ್ತಿರದ ನಮ್ಮೂರಿನಿಂದ ಗಾಡಿ ತೆಗೆದುಕೊಂಡು ಹೋಗಿದ್ದೆ. ಊಟಕ್ಕೆ ಕೂತಿದ್ದೆವು. ಅಪ್ಪ ರೊಟ್ಟಿಯ ತುತ್ತನ್ನು ತಾಟಿನಲ್ಲೇ ಇಟ್ಟು ಗೋಡೆಗೆ ಒರಗಿದ. ಹಣೆ ಪೂರ್ತಿ ಬೆವರಿತ್ತು. ಊರಿನ ಡಾಕ್ಟರು ಒಂದು ಮಾತ್ರೆ ನುಂಗಿಸಿ, ಇಸಿಜಿ ನೋಡಿ, ತಡ ಮಾಡದೆ ಬೆಳಗಾವಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಬರುವುದಕ್ಕೆ ಮುಕ್ಕಾಲು ತಾಸು ಬೇಕು ಎಂದು ಗೊತ್ತಾಯಿತು. ಅಷ್ಟರಲ್ಲಿ ನಾವೇ ಮುಟ್ಟುತ್ತೇವೆ ಅಂದೆ ನಾನು. ನನ್ನ ಗಾಡಿಯ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ಹುಕ್ಕೇರಿಯಿಂದ ಬೆಳಗಾವಿ ಸುಮಾರು 50 ಕಿ.ಮೀ. ಹೆದ್ದಾರಿ ಸೇರುವವರೆಗೆ ಎಲ್ಲ ಸರಿ ಇತ್ತು. ವಂಟಮುರಿ ಘಾಟಿನ ಏರು ಶುರುವಾಯಿತು ನೋಡಿ, ಗಾಡಿ ಸೋತಿತು. ಕಾಲು ತಳಕ್ಕೆ ಒತ್ತಿದರೂ ಜಗ್ಗುತ್ತಿಲ್ಲ. ಹಿಂದೆ ಕರಿ ಹೊಗೆ. ನಾಲ್ಕನೇ ಗೇರು, ಮೂರನೇ ಗೇರು, ಕಡೆಗೆ ಎರಡನೆಯದು. ಎಸಿ ಬಂದ್ ಮಾಡಿದೆ. ಹೊರಗೆ 40 ಡಿಗ್ರಿ ಬಿಸಿಲು. ಈರುಳ್ಳಿ ಹೇರಿಕೊಂಡ ಲಾರಿಗಳು ನಮ್ಮನ್ನು ದಾಟಿಕೊಂಡು ಹೋದವು. ಹಿಂದಿನ ಸೀಟಿನಲ್ಲಿ ಅಕ್ಕನ ತೊಡೆಯ ಮೇಲೆ ತಲೆ ಇಟ್ಟಿದ್ದ ಅಪ್ಪ ಕೇಳಿದ: "ಯಾಕ ತಮ್ಮಾ, ಗಾಡಿ ಜಗ್ಗವಲ್ದೇನು?"

"ಜಗ್ಗತೈತಿ ಅಪ್ಪಾ, ನೀ ಸುಮ್ಮ ಮಲಕೊ" ಅಂದೆ. ಕೈ ನಡುಗುತ್ತಿದ್ದವು.

ಮುಟ್ಟಿದೆವು. ಸ್ಟೆಂಟ್ ಹಾಕಿದರು. ಅಪ್ಪ ಉಳಿದ. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ರಕ್ತ ಸಿಗದೆ ಸೊರಗಿದೆ, ಇನ್ನು ಮೇಲೆ ಭಾರ ಎತ್ತುವುದು, ಏರು ಹತ್ತುವುದು ಬೇಡ ಎಂದರು. ಘಾಟಿನಲ್ಲಿ ನಾನು ಕಳೆದ ಹದಿನೈದು ನಿಮಿಷ ಆ ಭಾಗಕ್ಕೆ ಎಷ್ಟು ಬೇಕಾಗಿತ್ತು ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತ ರಾತ್ರಿಗಳಲ್ಲಿ ನಾನು ಮೊಬೈಲಿನಲ್ಲಿ ಒಂದೇ ವಿಷಯ ಓದುತ್ತಿದ್ದೆ: ಇಂಟರ್‌ಕೂಲರ್. ನನ್ನದು ಹಳೆಯ ಟರ್ಬೊ ಡೀಸೆಲ್ ಗಾಡಿ. ಎಂಜಿನ್ನು ಹೊರಗೆ ಬಿಡುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಒಳಗೆ ಹೆಚ್ಚು ಗಾಳಿ ತುರುಕುವುದು ಟರ್ಬೊ ಮಾಡುವ ಕೆಲಸ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ನಮ್ಮ ಕಡೆಯ 40 ಡಿಗ್ರಿಯ ಗಾಳಿಯನ್ನು ಟರ್ಬೊ ಒಂದು ಬಾರ್ ಒತ್ತಿದರೆ ಅದು 130 ಡಿಗ್ರಿ ದಾಟುತ್ತದೆ. ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ನಡುವೆ ಒಂದು ಅಲ್ಯುಮಿನಿಯಂ ಜಾಳಿಗೆ ಇಟ್ಟು, ಎಂಜಿನ್ನಿಗೆ ಹೋಗುವ ಮೊದಲು ಆ ಗಾಳಿಯನ್ನು ಆರಿಸುತ್ತಾರೆ. 135 ಡಿಗ್ರಿಯ ಗಾಳಿಯನ್ನು 60ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿ ಹಿಡಿಯುತ್ತದೆ. ಅದೇ ಇಂಟರ್‌ಕೂಲರ್.

ನನ್ನ ಗಾಡಿಯಲ್ಲಿ ಅದು ಎಂಜಿನ್ನಿನ ನೆತ್ತಿಯ ಮೇಲೆ, ಬಾನೆಟ್ಟಿನ ಕೆಳಗೆ ಇದೆ. ಕೆಳಗಿನ ಎಂಜಿನ್ನಿನ ಕಾವೂ ಅದಕ್ಕೇ. ಸಣ್ಣದು, ಜಾಗ ತಪ್ಪು, ಅದಕ್ಕೇ ಘಾಟಿನಲ್ಲಿ ಕೈಕೊಟ್ಟಿತು ಎಂದು ನಾನು ತೀರ್ಮಾನಿಸಿಬಿಟ್ಟೆ. ಅಪ್ಪ ಮನೆಗೆ ಬಂದ ವಾರಕ್ಕೇ ಪುಣೆಯಿಂದ ದೊಡ್ಡದೊಂದನ್ನು ತರಿಸಿದೆ. ಮುಂದೆ, ರೇಡಿಯೇಟರಿನ ಎದುರಿಗೆ ಕೂರಿಸುವಂಥದ್ದು. ಪೈಪು, ಕ್ಲ್ಯಾಂಪು ಸೇರಿ 28 ಸಾವಿರ. ಅಪ್ಪನ ಔಷಧಿಯ ಲೆಕ್ಕ ಇನ್ನೂ ಮುಗಿಯದಿದ್ದ ತಿಂಗಳದು. ಹೆಂಡತಿ ಏನೂ ಅನ್ನಲಿಲ್ಲ. ಡಬ್ಬಿಯನ್ನು ಒಮ್ಮೆ ನೋಡಿ ಒಳಗೆ ಹೋದಳು.

ಅದನ್ನು ಹೇರಿಕೊಂಡು ಗೋಕಾಕಿನ ಚಾಚಾನ ಗ್ಯಾರೇಜಿಗೆ ಹೋದೆ. ಚಾಚಾನಿಗೆ ಎಪ್ಪತ್ತರ ಹತ್ತಿರ. ಅವನ ತಂದೆ ಫಾಲ್ಸಿನ ಗಿರಣಿಯಲ್ಲಿ ಫಿಟರ್ ಆಗಿದ್ದರಂತೆ. ಧಬಧಬೆಯ ನೀರಿನ ಬಲದಲ್ಲಿ ನೂಲು ತೆಗೆಯಲೆಂದು 1880ರ ದಶಕದಲ್ಲಿ ಕಟ್ಟಿದ ಆ ಗಿರಣಿಯ ಕತೆಯನ್ನು ಚಾಚಾ ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಾನೆ. ಅವತ್ತು ಕತೆ ಹೇಳಲಿಲ್ಲ. ಡಬ್ಬಿ ಬಿಚ್ಚಿ ನೋಡಿದ, ಬೆರಳಿನಿಂದ ಬಾರಿಸಿದ, ಮೂಲೆಗೆ ಇಟ್ಟ.

"ಇದನ್ನ ಆಮ್ಯಾಲ ಹಾಕೂನು ತಮ್ಮಾ. ಮೊದಲ ಹಳೇದು ಎಲ್ಲಿ ಸೋರಾಕತ್ತೈತಿ ನೋಡೂನು."

"ಸೋರಾಕತ್ತೈತಿ ಅಂತ ಹೆಂಗ ಹೇಳ್ತಿ ಚಾಚಾ? ಅದು ಸಣ್ಣದೈತಿ."

"ಸಣ್ಣದು ಇದ್ದರ ಹೋದ ವರ್ಷಾನೂ ಸಣ್ಣದ ಇತ್ತಲ್ಲ. ಹೋದ ವರ್ಷ ಘಾಟ ಏರಿತ್ತಿಲ್ಲೊ?"

ನನಗೆ ಉತ್ತರ ಬರಲಿಲ್ಲ. ಚಾಚಾ ಹುಡುಗನನ್ನು ಪೈಪ್‌ಲೈನ್ ಅಂಗಡಿಗೆ ಕಳಿಸಿ ಒಂದು ಪಿವಿಸಿ ಕ್ಯಾಪು ತರಿಸಿದ. ಅದಕ್ಕೆ ತೂತು ಕೊರೆದು ಹಳೆ ಟ್ಯೂಬಿನ ವಾಲ್ವು ಕೂರಿಸಿದ. ಟರ್ಬೊ ಗಾಳಿ ಎಳೆಯುವ ಬಾಯಿಗೆ ಅದನ್ನು ಬಿಗಿದು, ಪಂಕ್ಚರ್ ಅಂಗಡಿಯ ಪೈಪಿನಿಂದ ಸಾವಕಾಶ ಗಾಳಿ ಬಿಟ್ಟ. ಆಮೇಲೆ ಸಬಕಾರದ ನೀರು ಚಿಮುಕಿಸುತ್ತ ಹೋದ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಕೆಳಮಗ್ಗುಲಲ್ಲಿ, ಮೇಲಿನಿಂದ ನೋಡಿದರೆ ಕಾಣದ ಜಾಗದಲ್ಲಿ, ನೊರೆ ಉಕ್ಕಿತು. ಕೈ ಹಾಕಿ ನೋಡಿದೆ. ಬೆರಳುದ್ದದ ಸೀಳು. ಗಾಳಿ ತುಂಬಿದಾಗ ಬಾಯಿ ಬಿಡುತ್ತದೆ, ಸುಮ್ಮನಿದ್ದಾಗ ಮುಚ್ಚಿಕೊಳ್ಳುತ್ತದೆ. ಟರ್ಬೊ ಒತ್ತಿದ ಗಾಳಿಯೆಲ್ಲ ಎಂಜಿನ್ನಿಗೆ ಹೋಗದೆ ಅಲ್ಲಿಂದಲೇ ಹೊರಗೆ. ಗಾಳಿ ಕಡಿಮೆ, ಡೀಸೆಲ್ ಅಷ್ಟೇ. ಅದಕ್ಕೇ ಕರಿ ಹೊಗೆ.

ಸೀಳಿನ ಸುತ್ತ ಒಣಗಿದ ಎಣ್ಣೆಯ ಮಸಿ ಇತ್ತು. ಚಾಚಾ ಅದನ್ನು ಉಗುರಿನಿಂದ ಕೆರೆದು ತೋರಿಸಿದ. "ಇದು ಆವತ್ತ ಒಡದಿದ್ದಲ್ಲ. ಎಣ್ಣಿ ನೋಡು, ಮೊದಲಿಂದ ಸೋರೇತಿ. ಸೀಟಿ ಹೊಡದಂಗ ಸಪ್ಪಳ ಬರತಿದ್ದಿಲ್ಲೇನು?"

ಬರುತ್ತಿತ್ತು. ಯುಗಾದಿಯ ಸುಮಾರಿಗೆ ಶುರುವಾಗಿತ್ತು. ಗೇರು ಬದಲಿಸಿ ಒತ್ತಿದಾಗ ಸುಯ್ ಎಂಬ ಸಣ್ಣ ಸದ್ದು. ತೋರಿಸಬೇಕು ಅಂದುಕೊಂಡೆ. ಕಬ್ಬಿನ ಬಿಲ್ಲು ಬರಲಿ ಅಂದುಕೊಂಡೆ. ಆಮೇಲೆ ಹಾಡಿನ ಸದ್ದು ಸ್ವಲ್ಪ ಏರಿಸಿಕೊಂಡೆ. ಅದಕ್ಕೆ ಬೇಕಾಗಿದ್ದು ಸಾವಿರ ಚಿಲ್ಲರೆ ರೂಪಾಯಿಯ ಒಂದು ಪೈಪು. 28 ಸಾವಿರ ಸುರಿದದ್ದು ಯಾಕೆ ಎಂದು ಆ ಗ್ಯಾರೇಜಿನ ನೆಲದ ಮೇಲೆ ಕೂತಾಗ ನನಗೆ ತಿಳಿಯಿತು. ದೋಷ ಗಾಡಿಯದು, ಅದನ್ನು ಮಾಡಿದವರದು ಎಂದು ಸಾಬೀತಾಗಬೇಕಿತ್ತು ನನಗೆ.

ಚಾಚಾ ಹೊಸ ಪೈಪು ಹಾಕಿದ. ಹಳೆ ಇಂಟರ್‌ಕೂಲರನ್ನು ಬಿಚ್ಚಿ ಡೀಸೆಲ್ಲಿನಿಂದ ತೊಳೆದಾಗ ಒಳಗಿಂದ ಕರಿ ಎಣ್ಣೆ ಇಳಿಯಿತು. ಅದನ್ನು ಪೆಟ್ರೋಲಿನಿಂದ ಜಾಲಿಸಿ, ಬೋರಲು ತೂಗುಹಾಕಿ, ಎರಡು ದಿನ ಆರಲು ಬಿಟ್ಟ. ಒಂದು ಬಟ್ಟಲು ಎಣ್ಣೆಯೋ ಡೀಸೆಲ್ಲೋ ಒಳಗೇ ಉಳಿದರೆ ಎಂಜಿನ್ ಅದನ್ನೇ ಕುಡಿದು ಕೀಲಿ ತೆಗೆದರೂ ನಿಲ್ಲದೆ ಓಡಿ ಒಡೆದುಹೋಗುತ್ತದಂತೆ. ಮೂರನೇ ದಿನ ಅದೇ ಘಾಟಿಗೆ ಹೋದೆ, ಒಬ್ಬನೇ. ಹಳೆಯ, ಸಣ್ಣ ಇಂಟರ್‌ಕೂಲರಿನಲ್ಲೇ ಗಾಡಿ ನಾಲ್ಕನೇ ಗೇರಿನಲ್ಲಿ ಏರಿತು. ಮೇಲೆ ಹೋಗಿ ರಸ್ತೆ ಬದಿಗೆ ನಿಲ್ಲಿಸಿ ಬಹಳ ಹೊತ್ತು ಕೂತಿದ್ದೆ.

ತಂದದ್ದನ್ನು ಮರಳಿಸಲು ಆಗಲಿಲ್ಲ. ಮಳೆಗಾಲ ಮುಗಿದ ಮೇಲೆ ಅದನ್ನೂ ಹಾಕಿಸಿದೆ. ಹಾಕುವ ಮೊದಲು, ಹಾಕಿದ ಮೇಲೆ, ಅದೇ ಏರಿನಲ್ಲಿ, ಎಂಜಿನ್ನಿನ ಒಳಗೆ ಹೋಗುವ ಗಾಳಿಯ ಕಾವು ಅಳೆದೆ. ಹಳೆಯದರಲ್ಲಿ 74 ಡಿಗ್ರಿ, ಹೊಸದರಲ್ಲಿ 48. ಲಾಭ ನಿಜ. ಏರಿನಲ್ಲಿ ಹೊಗೆ ಇಲ್ಲವೇ ಇಲ್ಲ. ಆದರೆ ಶಕ್ತಿ ದೊಡ್ಡದಾಗಿ ಏನೂ ಹೆಚ್ಚಲಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಹೆಚ್ಚಿದರೂ ಎಣ್ಣೆ ಹೆಚ್ಚದಿದ್ದರೆ ಬಲ ಹೆಚ್ಚುವುದು ಅಷ್ಟಕ್ಕಷ್ಟೇ. ಉದ್ದದ ಪೈಪುಗಳನ್ನೂ ದೊಡ್ಡ ಹೊಟ್ಟೆಯನ್ನೂ ತುಂಬಲು ಟರ್ಬೊಗೆ ಸಮಯ ಬೇಕು, ಹಾಗಾಗಿ ಕಾಲು ಒತ್ತಿದ ಮೇಲೆ ಗಾಡಿ ಒಂದು ಕ್ಷಣ ಯೋಚಿಸುತ್ತದೆ. ಇನ್ನೊಂದು ನಷ್ಟ ಕಬ್ಬಿನ ಹಂಗಾಮಿನಲ್ಲಿ ಕಂಡಿತು. ಘಟಪ್ರಭಾದಿಂದ ಹುಕ್ಕೇರಿ ದಾಟಿ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ಕಡೆ ಹೋಗುವ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗ ನೀರಿನ ಮುಳ್ಳು ಮೇಲೆ ಸರಿಯುತ್ತದೆ. ರೇಡಿಯೇಟರಿಗೆ ಸಿಗಬೇಕಾದ ಗಾಳಿಗೆ ಈಗ ಎದುರಿಗೇ ಒಂದು ಗೋಡೆ ಇದೆ. ಚಾಚಾನಿಗೆ ಹೇಳಿದರೆ, "ಒಂದು ತಗೊಂಡ್ರ ಒಂದು ಕೊಡಬೇಕಾಗತೈತಿ ತಮ್ಮಾ" ಎಂದು ಬೀಡಿ ಹಚ್ಚಿದ.

ಪೈಪಿನ ಮಾತನ್ನು ನಾನು ಅಪ್ಪನಿಗೆ ಆರು ತಿಂಗಳು ಹೇಳಲಿಲ್ಲ. ದೀಪಾವಳಿಯ ಮರುದಿನ ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು. ಮುಂದಿನ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ಅಪ್ಪ ಆಳುಗಳ ಕಡೆ ನೋಡುತ್ತಿದ್ದ, ಏಳುತ್ತಿರಲಿಲ್ಲ. ಆಗ ಹೇಳಿದೆ. ಪೈಪು ಒಡೆದಿತ್ತು, ಸದ್ದು ನನಗೆ ಕೇಳಿಸಿತ್ತು, ನಾನು ತೋರಿಸಲಿಲ್ಲ, ಅದಕ್ಕೇ ಅವತ್ತು ತಡ ಆಯಿತು.

ಅಪ್ಪ ಕಬ್ಬಿನಿಂದ ಕಣ್ಣು ತೆಗೆಯಲಿಲ್ಲ. "ಸೀಟಿ ನನಗೂ ಕೇಳಿಸಿತ್ತ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಅಕ್ಕನ ಊರಿಗೆ ಹೋಗೂಕಿಂತ ಮೊದಲ ಹದಿನೈದ ದಿನದಿಂದ ನನಗ ಎದಿ ಭಾರ ಆಗತಿತ್ತ. ಬಾವಿ ಕಡೆ ನಡದ್ರ ಎರಡ ಕಡೆ ಕುಂಡರತಿದ್ದೆ. ನಾ ಯಾರ ಮುಂದ ಹೇಳೇನಿ? ನಿಂದೂ ಅಷ್ಟ, ನಂದೂ ಅಷ್ಟ."

ಕ್ಷಮಿಸಿದನೋ, ಬೈದನೋ ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವ್ವ ಚಹಾ ತಂದಳು.

ಈಗ ಡಿಕ್ಕಿಯಲ್ಲಿ ಒಂದು ಹೊಸ ರಬ್ಬರ್ ಪೈಪು, ಎರಡು ಕ್ಲ್ಯಾಂಪು ಸದಾ ಇರುತ್ತವೆ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಪೈಪುಗಳ ಕೆಳಮಗ್ಗುಲಿಗೆ ಕೈಯಾಡಿಸುತ್ತೇನೆ. ಅಪ್ಪನನ್ನು ಬೆಳಗಾವಿಗೆ ತಪಾಸಣೆಗೆ ಕರೆದೊಯ್ಯುವಾಗ ಹಾಡು ಹಚ್ಚುವುದಿಲ್ಲ. ಘಾಟು ಬಂದಾಗ ಇಬ್ಬರೂ ಮಾತು ನಿಲ್ಲಿಸುತ್ತೇವೆ. ಏರು ಮುಗಿದ ಮೇಲೆ ಅವನು, "ಎದಿ ಏನ ಅನ್ನವಲ್ದು, ಹೊಡಿ" ಅನ್ನುತ್ತಾನೆ. ನಾನು ಕೇಳದಿದ್ದರೂ ಹೇಳುತ್ತಾನೆ.