ಗೋಡೆಯ ಕ್ಯಾಲೆಂಡರೂ ಕಿಸೆಯ ಕ್ಯಾಲೆಂಡರೂ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಸಾದಲಿಯಲ್ಲಿ ರೇಷ್ಮೆ ಹುಳು ಸಾಕುವ ಮನೆಗಳಿಗೆ ತಮ್ಮದೇ ಆದ ಒಂದು ಕಾಲಮಾನವುಂಟು. “ಮೂರನೆಯ ಜ್ವರ ಎದ್ದ ಮೇಲೆ ಬರುತ್ತೇವೆ” ಎಂದು ನೆಂಟರಿಗೆ ಹೇಳಿಕಳಿಸುವವರು ನಾವು. ಜ್ವರವೆಂದರೆ ರೋಗವೆಂದು ವಾಚಕರು ಗಾಬರಿಯಾಗಬೇಕಿಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ಕುಳಿತು, ಪೊರೆ ಕಳಚುವ ಅವಧಿಯದು. ಅಂತಹವು ನಾಲ್ಕು. ಮೊಟ್ಟೆಯೊಡೆದ ಸುಮಾರು 24-25 ದಿನಗಳಿಗೆ ಹುಳು ಹಣ್ಣಾಗಿ ನೂಲು ಬಿಡತೊಡಗುತ್ತದೆ. ಆ ವೇಳೆಗೆ ಚಂದ್ರಂಕಿ, ಎಂದರೆ ಪುಸ್ತಕದ ಚಂದ್ರಿಕೆ, ಸಿದ್ಧವಿರಬೇಕು. ಇಲ್ಲವಾದರೆ ಹುಳು ನಮಗಾಗಿ ಕಾಯುವುದಿಲ್ಲ.

ಈ ಲೆಕ್ಕವನ್ನೆಲ್ಲ ನನ್ನಾಕೆ ಎಷ್ಟೋ ವರ್ಷಗಳಿಂದ ಗೋಡೆಯ ಕ್ಯಾಲೆಂಡರಿನ ಮೇಲೆ ಇಡುತ್ತಿದ್ದಳು. ಹಾಲಿನ ಲೆಕ್ಕದ ಪಕ್ಕದಲ್ಲಿ ಒಂದು ಸೊನ್ನೆಯಿದ್ದರೆ ಜ್ವರ. ಒಂದು ಗೀಟಿದ್ದರೆ ಚಂದ್ರಂಕಿಗೆ ಹೇಳಬೇಕಾದ ದಿನ. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತ ನನಗೆ ಅದು ಬಹಳ ಹಳೆಯ ಪದ್ಧತಿಯೆನಿಸಿತು.

ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ತಮ್ಮನ ಮಗ ನನ್ನ ಉತ್ಸಾಹಕ್ಕೆ ಗಾಳಿ ಹಾಕಿದನು. “ದೊಡ್ಡಪ್ಪ, ನೀವು ಶೀಟಿನಲ್ಲಿ ತಾರೀಖು ಬರೆದರೆ ಸಾಕು, ಮಿಕ್ಕಿದ್ದನ್ನು ಫೋನೇ ಜ್ಞಾಪಿಸುತ್ತದೆ” ಎಂದನು. ಗೂಗಲ್ ಸಂಸ್ಥೆಯ ಕ್ಯಾಲೆಂಡರೂ ಶೀಟ್ಸ್ ಎಂಬ ಕೋಷ್ಟಕವೂ 2006ರಲ್ಲಿ ಬಂದವು. ಅವೆರಡರ ನಡುವೆ ಸೇತುವೆ ಕಟ್ಟುವ ಆ್ಯಪ್ಸ್ ಸ್ಕ್ರಿಪ್ಟ್ 2009ರಲ್ಲಿ ಬಂದಿತು. ಅವನು ಬರೆದ ಹತ್ತಿಪ್ಪತ್ತು ಸಾಲುಗಳ ಸ್ಕ್ರಿಪ್ಟು ಕೋಷ್ಟಕದ ಒಂದೊಂದೇ ಸಾಲನ್ನೋದಿ, ಚಾಕಿ ಹುಳು ಮನೆಗೆ ಬಂದ ತಾರೀಖಿಗೆ ಇಷ್ಟಿಷ್ಟು ದಿನ ಕೂಡಿಸಿ, ಕ್ಯಾಲೆಂಡರಿನಲ್ಲಿ ಜ್ಞಾಪನೆ ಬರೆಯುತ್ತಿತ್ತು. ನಾನು ಹಿಗ್ಗಿ, “ಇನ್ನು ಮೇಲೆ ನೀನು ಗೋಡೆಯ ಮೇಲೆ ಗೀಚಬೇಕಾಗಿಲ್ಲ” ಎಂದು ನನ್ನಾಕೆಗೆ ಹೇಳಿಬಿಟ್ಟೆ. ಅವಳು ಏನೂ ಎನ್ನದೆ ಪೆನ್ಸಿಲನ್ನು ಗೂಡಿನಲ್ಲಿಟ್ಟಳು.

ಆಗಸ್ಟ್ 7ರಂದು ಹುಳು ಬಂದಿತು. ನಾನು ಶೀಟಿನಲ್ಲಿ 7/8 ಎಂದು ಬರೆದೆ. ಮೂರನೆಯ ಜ್ವರ ಕಳೆಯಿತು, ನಾಲ್ಕನೆಯದೂ ಕಳೆಯಿತು. ಫೋನು ತುಟಿ ಬಿಚ್ಚಲಿಲ್ಲ. ಜ್ವರ ಕಣ್ಣಿಗೆ ಕಾಣುವ ಸಂಗತಿ, ಅದಕ್ಕೆ ಜ್ಞಾಪನೆಯೇಕೆಂದು ನಾನೂ ಅಲಕ್ಷಿಸಿದೆ. ಒಂದು ಸಂಜೆ ಅವಳು, “ಚಂದ್ರಂಕಿಗೆ ಹೇಳಿದಿರಾ?” ಎಂದು ಕೇಳಿದಳು.

“ಫೋನು ಇನ್ನೂ ಹೇಳಿಲ್ಲ” ಎಂದೆ.

“ಹುಳುವಿಗೆ ನಿಮ್ಮ ಫೋನು ಓದೋಕೆ ಬರುತ್ತೇನ್ರೀ?”

ಮರುದಿನ ನಸುಕಿನಲ್ಲಿ ಅವಳು ನನ್ನನ್ನೆಬ್ಬಿಸಿದಳು. ತಟ್ಟೆಯ ಅಂಚಿನಲ್ಲಿ ಹುಳುಗಳು ಸೊಪ್ಪು ಮುಟ್ಟದೆ, ಮೈ ಹಳದಿಗೆ ತಿರುಗಿ, ತಲೆಯಾಡಿಸುತ್ತ ಜಾಗ ಹುಡುಕುತ್ತಿದ್ದವು. ಬಾಡಿಗೆಗೆ ಕೊಡುವವರ ಚಂದ್ರಂಕಿಗಳೆಲ್ಲ ಆ ವಾರ ಬೇರೆಯವರ ಪಾಲಾಗಿದ್ದವು. ನಾಲ್ಕು ಮನೆಗಳ ಬಾಗಿಲು ತಟ್ಟಿ ಒಂದಿಷ್ಟು ಹೊಂದಿಸುವ ವೇಳೆಗೆ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಎಷ್ಟೋ ಹುಳುಗಳು ಸೊಪ್ಪಿನ ನಡುವೆಯೇ ನೂಲು ಸುತ್ತಿದ್ದವು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಆ ಗೂಡಿಗೆ ಬಂದ ಬೆಲೆಯನ್ನು ಇಲ್ಲಿ ಹೇಳದಿರುವುದೇ ಲೇಸು. ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವೆನಿಸುತ್ತಿತ್ತು.

ತಪ್ಪು ಯಂತ್ರದ್ದಲ್ಲ, ನಮ್ಮದೇ. ಕೋಷ್ಟಕದ ಸೆಟ್ಟಿಂಗಿನಲ್ಲಿ ದೇಶ ಅಮೆರಿಕಾ ಎಂದೇ ಉಳಿದಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾನು ಬರೆದ ಆಗಸ್ಟ್ 7 ಅದರ ಲೆಕ್ಕದಲ್ಲಿ ಜುಲೈ 8 ಆಗಿತ್ತು. ಜ್ಞಾಪನೆಗಳೆಲ್ಲ ಕಳೆದುಹೋದ ತಿಂಗಳಿನಲ್ಲಿ ಸಾಲಾಗಿ ಕುಳಿತಿದ್ದವು. ಕಳೆದ ದಿನಕ್ಕೆ ಗಂಟೆ ಬಾರಿಸುವವರಾರು? ಹುಳು 17ಕ್ಕೆ ಬಂದಿದ್ದರೆ, ಹದಿನೇಳನೆಯ ತಿಂಗಳಿಲ್ಲವಾದುದರಿಂದ, ಕೋಷ್ಟಕ ಅದನ್ನು ತಾರೀಖೆಂದೇ ಒಪ್ಪುತ್ತಿರಲಿಲ್ಲ. ತಪ್ಪು ಅಂದೇ ಸಿಕ್ಕುತ್ತಿತ್ತು. ಏಳೂ ಎಂಟೂ ಎರಡೂ ತಿಂಗಳಾಗಬಲ್ಲವು. ಅದರಿಂದ ಮೋಸ ಸದ್ದಿಲ್ಲದೆ ನಡೆಯಿತು.

ಹುಡುಗ ಮುಂದಿನ ಭಾನುವಾರ ಬಂದು ದೇಶವನ್ನು ಭಾರತವೆಂದು ತಿದ್ದಿದನು. ಸ್ಕ್ರಿಪ್ಟು ಮತ್ತೆ ಓಡಿದಾಗ ಒಂದೇ ಜ್ಞಾಪನೆ ಎರಡೆರಡು ಸಲ ಬೀಳದಂತೆ ಪ್ರತಿಯೊಂದರ ಗುರುತಿನ ಸಂಖ್ಯೆಯನ್ನು ಆಯಾ ಸಾಲಿನಲ್ಲಿಯೇ ಬರೆಯಿಸಿದನು. ನಾನು ಒಂದು ಕಾಲಂ ಹೆಚ್ಚಿಗೆ ಕೇಳಿದೆ: “ನಿಜವಾಗಿ ಜ್ವರ ಎದ್ದ ದಿನ.” ಚಳಿಗೆ ಹುಳು ಒಂದೆರಡು ದಿನ ತಡಮಾಡುತ್ತದೆ; ಲೆಕ್ಕಕ್ಕೆ ಅದು ಗೊತ್ತಿಲ್ಲ, ಕಣ್ಣಿಗೆ ಗೊತ್ತು. ಆ ಕಾಲಮಿನಲ್ಲಿ ತಾರೀಖು ಬಿದ್ದರೆ ಮುಂದಿನ ಜ್ಞಾಪನೆಗಳೆಲ್ಲ ಅದರಂತೆ ಸರಿಯುತ್ತವೆ.

ಆ ಕಾಲಮನ್ನು ಈಗ ತುಂಬುವವಳು ನನ್ನಾಕೆ. ಮೊದಲ ದಿನ ನಾನೇ ಗೂಡಿನಿಂದ ಪೆನ್ಸಿಲನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಗೋಡೆಯ ಮೇಲೆ ಸೊನ್ನೆ ಸುತ್ತಿ, ಆಮೇಲೆ ಫೋನಿಗೆ ಕೈ ಚಾಚಿದಳು.