ಹಿತ್ತಲಿನ ಗಂಧದ ಗಿಡ

ಪಾಂಡವಪುರದ ಕಾಲೇಜಿನಲ್ಲಿ ಪಾಠ ಹೇಳುವಾಗ ‘ಶ್ರೀಗಂಧದ ನಾಡು’ ಎಂಬ ಮಾತು ವರ್ಷಕ್ಕೆ ಹತ್ತು ಸಲವಾದರೂ ನನ್ನ ಬಾಯಿಂದ ಬರುತ್ತದೆ. ಈಚೆಗೆ ಒಂದು ದಿನ, “ಗಂಧದ ಮರ ಕಂಡವರೆಷ್ಟು ಮಂದಿ?” ಎಂದು ಕೇಳಿಬಿಟ್ಟೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲ ಕಡೆಯ ಮಕ್ಕಳೂ ಇದ್ದ ತರಗತಿ. ಎದ್ದದ್ದು ಮೂರೇ ಕೈ. ನನಗೆ ನಮ್ಮ ತಾತನ ನೆನಪಾಯಿತು.

ನಾಗಮಂಗಲದ ಕಡೆ ನಮ್ಮ ಹಳ್ಳಿ. ಹಿತ್ತಲ ಬೇಲಿಯಲ್ಲಿ, ಹಕ್ಕಿ ಉದುರಿಸಿದ ಬೀಜದಿಂದ, ಗಂಧದ ಸಸಿಯೊಂದು ಎದ್ದಿತ್ತು. ನಾನಾಗ ಹತ್ತು ವರ್ಷದ ಹುಡುಗ. ಅದು ಮರವಾದರೆ ನಾವು ಸಾಹುಕಾರರಾಗುತ್ತೇವೆಂದು ಲೆಕ್ಕ ಹಾಕಿ ದಿನವೂ ಚೊಂಬಿನಲ್ಲಿ ನೀರೆರೆದೆ. ಒಂದು ಬೆಳಗ್ಗೆ ತಾತ ಅದನ್ನು ಬೇರುಸಹಿತ ಕಿತ್ತು ತಿಪ್ಪೆಗೆ ಎಸೆದರು. ನಾನು ಅತ್ತೆ.

“ಸರ್ಕಾರದ ಮರ ಕಣ್ಲಾ ಮಗ. ನೀರು ಹುಯ್ಯೋನು ನೀನು, ಕಡ್ಕೊಂಡು ಹೋಗೋರು ಅವ್ರು. ರಾತ್ರೋರಾತ್ರಿ ಕಳ್ಳ ಕಡುದ್ರೆ ಸ್ಟೇಸನ್ನಿಗೆ ಅಲೆಯೋನು ನಾನು!”

ತಾತ ಮರಗಳ ವೈರಿಯಲ್ಲ. ಅದೇ ಹಿತ್ತಲಲ್ಲಿ ತೆಂಗು, ಹಲಸು, ಹುಣಿಸೆಗಳನ್ನು ಮಕ್ಕಳಂತೆ ಸಾಕಿದ್ದರು. ವಾರದ ಸಂತೆಗೆ ತೆಂಗಿನಕಾಯಿ ಒಯ್ದು, ಬೆಲೆ ಒಪ್ಪಿಗೆಯಾದರೆ ಕೊಡುತ್ತಿದ್ದರು. ಇಲ್ಲವಾದರೆ ಮೂಟೆ ಕಟ್ಟಿ ಮನೆಗೆ ತರುತ್ತಿದ್ದರು. ‘ಒಲ್ಲೆ’ ಎನ್ನುವ ಆ ಒಂದು ಮಾತಿನಲ್ಲೇ ಅವರ ಯಜಮಾನಿಕೆಯೆಲ್ಲ ಇದ್ದಿತು. ವ್ಯಾಪಾರಿಗೂ ‘ಬೇಡ’ ಎನ್ನುವ ಸ್ವಾತಂತ್ರ್ಯವಿತ್ತು. ಆದುದರಿಂದಲೇ ಕೊನೆಗೆ ಇಬ್ಬರೂ ನಗುತ್ತ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಗಂಧಕ್ಕೆ ಅಂಥ ಸಂತೆಯಿರಲಿಲ್ಲ. ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಟಿಪ್ಪು ಸುಲ್ತಾನ 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನೆಂದು ಹೇಳುತ್ತಾರೆ. 1799ರಲ್ಲಿ ಕೋಟೆ ಬಿದ್ದಿತು, ಕಟ್ಟಳೆ ಬೀಳಲಿಲ್ಲ. ಒಡೆಯರು ಬಂದರು, ಕಮಿಷನರುಗಳು ಬಂದರು, ಪ್ರಜಾಪ್ರಭುತ್ವವೇ ಬಂದಿತು. ನಮ್ಮ ಹಿತ್ತಲ ಗಂಧ ಮಾತ್ರ ಸರ್ಕಾರದ್ದಾಗಿಯೇ ಉಳಿಯಿತು. ನೆಲದವನಿಗೂ ಒಂದು ಪಾಲು ಸಲ್ಲುತ್ತಿತ್ತು, ಸುಳ್ಳಲ್ಲ. ಆದರೆ ‘ಒಲ್ಲೆ’ ಎನ್ನುವ ಹಕ್ಕು ಅವನಿಗೆ ಇರಲಿಲ್ಲ.

ಅಂಕೆಯಿಲ್ಲದಿದ್ದರೆ ವರ್ತಕರು ಗಂಧವನ್ನು ಮುಗಿಸಿಬಿಡುತ್ತಿದ್ದರು ಎನ್ನುವವರುಂಟು. ಅಂಕೆಯಿದ್ದೂ ಕಾಡಿನ ಗಂಧಕ್ಕೆ ಏನಾಯಿತೆಂಬುದನ್ನು ವೀರಪ್ಪನ್ ಹೆಸರು ಕೇಳಿದವರಿಗೆ ಹೇಳಬೇಕಾಗಿಲ್ಲ. ಯಾರು ಬೇಕಾದರೂ ಕೊಳ್ಳಬಹುದಾದ, ಮಾರಬಹುದಾದ ತೆಂಗು ನಮ್ಮ ಸೀಮೆಯಲ್ಲಿ ತೋಪುತೋಪಾಗಿ ನಿಂತಿದೆ.

2001ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಿದ್ದುಪಡಿಯಾಗಿ, ನೆಲದ ಒಡೆಯನೇ ಗಂಧದ ಒಡೆಯನೆಂದಾಯಿತು. ಕಡಿಯಲು ಇಲಾಖೆಯ ಅನುಮತಿ ಬೇಕೆಂಬ ಕಟ್ಟು ಉಳಿಯಿತು. ಒಡೆತನ ಬಂದರೂ ತೆಂಗಿನಕಾಯಿಯ ಸಂತೆ ಬರಲಿಲ್ಲವೆನ್ನಿ. ಅದನ್ನು ನೋಡಲು ತಾತ ಉಳಿದಿರಲಿಲ್ಲ.

ಕೆ.ಆರ್. ಪೇಟೆಯ ಬಳಿ ನಮ್ಮ ಚಿಕ್ಕಪ್ಪ ಈಗ ಗಂಧ ನೆಟ್ಟಿದ್ದಾರೆ. ಬೇರಿನ ಆಸರೆಗೆಂದು ಪಕ್ಕದಲ್ಲಿ ಬೇರೆ ಗಿಡಗಳನ್ನೂ ಬೆಳೆಸಿದ್ದಾರೆ. ಕಳ್ಳರ ಭಯಕ್ಕೆ ಎರಡು ನಾಯಿ, ಒಂದು ಬ್ಯಾಟರಿ. ಕಳೆದ ಸಲ ಹೋದಾಗ ಗೊಣಗಿದರು: “ಇವು ಬಂದ ಮೇಲೆ ನಿದ್ದೆ ಅನ್ನೋದೇ ಇಲ್ಲ ಕಣಪ್ಪ.”

ನಾನು ಸುಮ್ಮನಿದ್ದೆ. ತನ್ನದಲ್ಲದ ಮರಕ್ಕಾಗಿ ಯಾರು ತಾನೆ ನಿದ್ದೆ ಕೆಡುತ್ತಾರೆ?